ಲೆಕ್ಕ ಸರಿಯಾದರೆ ಕೊಲೆ ಸರಿಯಾಗುವುದೇ?

1945ರ ಮೇ ತಿಂಗಳಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ವಿಜ್ಞಾನಿಗಳೂ ಸೇನಾಧಿಕಾರಿಗಳೂ ಇದ್ದ ಒಂದು ಸಮಿತಿ ಎರಡು ದಿನ ಸಭೆ ಸೇರಿತು. ಜಪಾನಿನ ಯಾವ ಊರಿನ ಮೇಲೆ ಅಣುಬಾಂಬ್ ಹಾಕಬೇಕು ಎಂಬುದು ಅಲ್ಲಿನ ಚರ್ಚೆಯ ವಿಷಯ. ಅವರ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿದ್ದ ಊರು ಕ್ಯೋಟೊ. ಅದು ವಿದ್ಯಾವಂತರ ಊರು, ಇಂಥ ಅಸ್ತ್ರದ ಮಹತ್ವ ಅಲ್ಲಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ಕೊಟ್ಟ ಕಾರಣಗಳಲ್ಲೊಂದು. ಹಿರೋಶಿಮಾದ ಸುತ್ತ ಗುಡ್ಡಗಳಿರುವುದರಿಂದ ಸ್ಫೋಟದ ರಭಸ ಒಳಗೇ ತಿರುಗಿ ಹಾನಿ ಹೆಚ್ಚಬಹುದು ಎಂದೂ ಬರೆದುಕೊಂಡರು. ಮುಂದೆ ಯುದ್ಧಮಂತ್ರಿ ಹೆನ್ರಿ ಸ್ಟಿಮ್ಸನ್ ಕ್ಯೋಟೊದ ಹೆಸರನ್ನು ಪಟ್ಟಿಯಿಂದ ತೆಗೆಸಿದರು. ಅವರು ಆ ಊರನ್ನು ಹಿಂದೆ ನೋಡಿದ್ದರು. ಅಲ್ಲಿನ ಗುಡಿಗಳೂ ಅರಮನೆಗಳೂ ಹಾಳಾದರೆ ಜಪಾನೀಯರು ಅಮೆರಿಕವನ್ನು ಎಂದಿಗೂ ಕ್ಷಮಿಸಲಾರರು, ರಷ್ಯಾದ ಕಡೆ ವಾಲಿಬಿಡುತ್ತಾರೆ ಎಂಬ ಆತಂಕವೂ ಅವರಿಗಿತ್ತು. ಬಾಂಬ್ ಯೋಜನೆಯ ಮುಖ್ಯಸ್ಥ ಜನರಲ್ ಗ್ರೋವ್ಸ್ ಮತ್ತೆ ಮತ್ತೆ ಒತ್ತಾಯಿಸಿದರೂ ಸ್ಟಿಮ್ಸನ್ ಮಣಿಯಲಿಲ್ಲ. ಜುಲೈನಲ್ಲಿ ಅಧ್ಯಕ್ಷ ಟ್ರೂಮನ್‌ರ ತನಕ ಹೋಗಿ ಒಪ್ಪಿಗೆ ಪಡೆದರು.

ಈ ಸಂಗತಿಯನ್ನು ಮೊದಲಿಗೇ ಹೇಳಲು ಕಾರಣವಿದೆ. ಹಿರೋಶಿಮಾ, ನಾಗಸಾಕಿಗಳ ಮಾತು ಬಂದಾಗಲೆಲ್ಲ ‘ಅದು ಯುದ್ಧಕಾಲ, ಆಗ ಧರ್ಮಾಧರ್ಮ ನೋಡುತ್ತ ಕೂರಲು ಯಾರಿಗೆ ಪುರುಸೊತ್ತಿತ್ತು? ಇಂದಿನ ಕಣ್ಣಿನಿಂದ ಅಂದಿನವರನ್ನು ಅಳೆಯಬಾರದು’ ಎಂದು ಚರ್ಚೆಗೆ ತೆರೆ ಎಳೆಯುವವರಿದ್ದಾರೆ. ಕ್ಯೋಟೊ ಉಳಿದ ಬಗೆ ಈ ಮಾತನ್ನು ಸುಳ್ಳು ಮಾಡುತ್ತದೆ. ಪುರುಸೊತ್ತಿತ್ತು. ಯಾವುದನ್ನು ಸುಡಬಹುದು, ಯಾವುದನ್ನು ಸುಡಬಾರದು ಎಂಬ ವಿವೇಚನೆಯೂ ನಡೆದಿತ್ತು. ಜೂನ್ 11ರಂದು ಜೇಮ್ಸ್ ಫ್ರಾಂಕ್ ನೇತೃತ್ವದಲ್ಲಿ ಷಿಕಾಗೋದ ವಿಜ್ಞಾನಿಗಳು ಸರ್ಕಾರಕ್ಕೆ ವರದಿ ಕೊಟ್ಟು, ಮೊದಲು ಯಾವುದಾದರೂ ಮರುಭೂಮಿಯಲ್ಲೋ ಬರಡು ದ್ವೀಪದಲ್ಲೋ ಬಾಂಬನ್ನು ಜಗತ್ತಿಗೆ ತೋರಿಸಿ ಎಂದು ಕೇಳಿಕೊಂಡಿದ್ದರು. ಜುಲೈ 17ರಂದು ಲಿಯೊ ಸಿಲಾರ್ಡ್ ಬರೆದ ಮನವಿಗೆ ಸುಮಾರು 70 ವಿಜ್ಞಾನಿಗಳು ಸಹಿ ಹಾಕಿದ್ದರು. ಆ ಮನವಿ ಅಧ್ಯಕ್ಷರ ಕೈ ಸೇರಲೇ ಇಲ್ಲ. ಓಪನ್‌ಹೈಮರ್, ಫರ್ಮಿ ಅವರಿದ್ದ ಇನ್ನೊಂದು ತಜ್ಞರ ಗುಂಪು ಪ್ರದರ್ಶನದಿಂದ ಯುದ್ಧ ನಿಲ್ಲುವ ಭರವಸೆಯಿಲ್ಲ ಎಂದು ಹೇಳಿತು. ಅಂದರೆ ನಾವು ಇಂದು ಕೇಳುವ ಪ್ರಶ್ನೆಯನ್ನು ಅಂದು ಅದೇ ಜನ, ಅದೇ ಮೇಜಿನ ಸುತ್ತ ಕೇಳಿಕೊಂಡಿದ್ದರು. ಆದ್ದರಿಂದ ಅವರು ಕೊಟ್ಟುಕೊಂಡ ಉತ್ತರವನ್ನು ಪರೀಕ್ಷಿಸುವ ಹಕ್ಕು ನಮಗಿದೆ.

ಮೊದಲು, ಆದದ್ದೇನು? ಆಗಸ್ಟ್ 6ರ ಬೆಳಗ್ಗೆ 8.15ಕ್ಕೆ ಹಿರೋಶಿಮಾದ ನಡುವಿನ ಅಯೋಯಿ ಸೇತುವೆಗೆ ಗುರಿಯಿಟ್ಟು ಬಾಂಬ್ ಬೀಳಿಸಿದರು. ಅದು ಒಂದು ಆಸ್ಪತ್ರೆಯ ಮೇಲೆ, ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯಿತು. ಆ ಹೊತ್ತಿನಲ್ಲಿ ಊರಿನ ಬೀದಿಗಳಲ್ಲಿ ಹನ್ನೆರಡು ಹದಿಮೂರು ವರ್ಷದ ಸಾವಿರಾರು ಶಾಲಾಮಕ್ಕಳಿದ್ದರು. ಬೆಂಕಿಬಾಂಬ್ ಬಿದ್ದರೆ ಉರಿ ಒಂದು ಬೀದಿಯಿಂದ ಇನ್ನೊಂದಕ್ಕೆ ಹರಡದಿರಲೆಂದು ಮರದ ಮನೆಗಳನ್ನು ಕೆಡವಿ ಜಾಗ ತೆರವು ಮಾಡುವ ಕೆಲಸಕ್ಕೆ ಅವರನ್ನು ಹಚ್ಚಿದ್ದರು. ಅವರಲ್ಲಿ ಸುಮಾರು ಆರು ಸಾವಿರ ಮಕ್ಕಳು ಸತ್ತರು. ಹಿರೋಶಿಮಾದ ವಸ್ತುಸಂಗ್ರಹಾಲಯದಲ್ಲಿ ಇಂಥ ಒಬ್ಬ ಹುಡುಗನ ಬುತ್ತಿಡಬ್ಬಿ ಇದೆ. ಮುಚ್ಚಳ ಸೊಟ್ಟಗಾಗಿದೆ. ಒಳಗಿನ ಅನ್ನ ಇದ್ದಿಲಾಗಿ ಡಬ್ಬಿಗೇ ಅಂಟಿಕೊಂಡಿದೆ. ಮಗನ ದೇಹವನ್ನು ಹುಡುಕಿಕೊಂಡು ಬಂದ ತಾಯಿಗೆ ಆ ಡಬ್ಬಿ ಅವನ ಹೊಟ್ಟೆಯ ಕೆಳಗೆ ಸಿಕ್ಕಿತು. ವರ್ಷದ ಕೊನೆಯ ಹೊತ್ತಿಗೆ ಹಿರೋಶಿಮಾದಲ್ಲಿ ಸತ್ತವರು ಸುಮಾರು 1,40,000, ನಾಗಸಾಕಿಯಲ್ಲಿ ಸುಮಾರು 70,000. ಜಪಾನೀಯರು ದುಡಿಮೆಗೆಂದು ಎಳೆದುತಂದಿದ್ದ ಕೊರಿಯನ್ನರೂ ಅವರಲ್ಲಿ ಸಾವಿರಗಟ್ಟಲೆ ಇದ್ದರು. ಅಮೆರಿಕದ ಯುದ್ಧಕೈದಿಗಳೂ ಇದ್ದರು.

ಹಿರೋಶಿಮಾದಲ್ಲಿ ಸೇನೆ ಇರಲಿಲ್ಲವೆಂದಲ್ಲ. ಒಂದು ದೊಡ್ಡ ಸೈನ್ಯದ ಪ್ರಧಾನ ಕಚೇರಿ ಅಲ್ಲಿತ್ತು. ಸಾವಿರಾರು ಸೈನಿಕರೂ ಇದ್ದರು, ಅವರಲ್ಲಿ ಬಹಳ ಮಂದಿ ಸತ್ತರು. ಆದರೆ ಊರಂಚಿನ ದೊಡ್ಡ ಕಾರ್ಖಾನೆಗಳು ಹೆಚ್ಚು ಪೆಟ್ಟಿಲ್ಲದೆ ಉಳಿದವು ಎಂದು ಅಮೆರಿಕವೇ ನಡೆಸಿದ ಬಾಂಬ್ ದಾಳಿಗಳ ಸಮೀಕ್ಷೆ 1946ರಲ್ಲಿ ದಾಖಲಿಸಿತು. ಗುರಿ ಇಟ್ಟದ್ದು ಕಾರ್ಖಾನೆಗಲ್ಲ, ಊರಿನ ಎದೆಗೆ. ಅಧ್ಯಕ್ಷರಿಗೆ ಸಲಹೆ ಕೊಡಲು ನೇಮಿಸಿದ್ದ ಸಮಿತಿ ಜೂನ್ 1ರಂದು ಮಾಡಿದ ಶಿಫಾರಸು ಕೂಡ ಹಾಗೆಯೇ ಇತ್ತು: ಮುನ್ನೆಚ್ಚರಿಕೆ ಕೊಡದೆ, ಕಾರ್ಮಿಕರ ಮನೆಗಳು ಒತ್ತಾಗಿ ಸುತ್ತುವರಿದ ಒಂದು ಯುದ್ಧ ಕಾರ್ಖಾನೆಯ ಮೇಲೆ ಹಾಕಬೇಕು. ಕಾರ್ಖಾನೆಯೊಂದೇ ಸಾಕಾಗಿದ್ದರೆ ಸುತ್ತಲಿನ ಮನೆಗಳ ಷರತ್ತು ಏಕೆ ಬೇಕಿತ್ತು? ಜಪಾನಿನ ಆಳುವವರು ಬೆಚ್ಚಿಬೀಳಬೇಕಾದರೆ ಸಾಯಬೇಕಾದವರು ಆ ಮನೆಗಳಲ್ಲಿದ್ದರು.

ಇನ್ನು ಬಾಂಬಿನ ಪರವಾದ ವಾದ. ಅದನ್ನು ಅದರ ಪೂರ್ಣ ಬಲದಲ್ಲೇ ಎದುರಿಸಬೇಕು. ಜಪಾನಿನ ಸೇನಾಡಳಿತ ಎಂಥದ್ದೆಂದು ನಾನ್ಜಿಂಗ್ ಕಂಡಿತ್ತು, ಮನಿಲಾ ಕಂಡಿತ್ತು, ನಮ್ಮ ಅಂಡಮಾನೂ ಕಂಡಿತ್ತು. ಬರ್ಮಾ ರೈಲುದಾರಿಯಲ್ಲಿ ಮಲಯದ ತಮಿಳು ಕೂಲಿಕಾರರು ಸಾವಿರಾರು ಸಂಖ್ಯೆಯಲ್ಲಿ ಸತ್ತಿದ್ದರು. ವಿಯೆಟ್ನಾಂನಲ್ಲಿ ಆ ವರ್ಷದ ಕ್ಷಾಮ ಲಕ್ಷಾಂತರ ಜನರನ್ನು ನುಂಗಿತ್ತು. ಓಕಿನಾವಾ ಎಂಬ ಒಂದೇ ದ್ವೀಪವನ್ನು ಗೆಲ್ಲಲು ಸುಮಾರು 12,000 ಅಮೆರಿಕನ್ನರು ಪ್ರಾಣ ಕೊಟ್ಟರು. ಅಲ್ಲಿ ಸತ್ತ ಜಪಾನಿ ಸೈನಿಕರೂ ಊರವರೂ ಸೇರಿದರೆ ಸಂಖ್ಯೆ ಲಕ್ಷ ದಾಟುತ್ತದೆ. ನವೆಂಬರ್ 1ಕ್ಕೆ ಕ್ಯೂಷೂ ದ್ವೀಪಕ್ಕೆ ಸೇನೆ ಇಳಿಸುವ ಯೋಜನೆ ಸಿದ್ಧವಾಗಿತ್ತು. ಆ ದಾಳಿಗೆ ಹೋಗಬೇಕಿದ್ದ ಯುವ ಸೈನಿಕರಲ್ಲಿ ಒಬ್ಬರಾದ ಪಾಲ್ ಫಸೆಲ್ ಮುಂದೆ ಹೆಸರಾಂತ ವಿಮರ್ಶಕರಾದರು. ಬಾಂಬಿನ ಸುದ್ದಿ ಕೇಳಿ ತಾವೂ ಜೊತೆಗಾರರೂ ಬದುಕಿಕೊಂಡೆವೆಂದು ಸಂತೋಷದಿಂದ ಅತ್ತದ್ದನ್ನು ಅವರು 1981ರಲ್ಲಿ ಬರೆದರು. ಯುದ್ಧರಂಗಕ್ಕೆ ಕಾಲಿಡದವರು ನೀತಿ ಹೇಳುವುದು ಸುಲಭ ಎಂಬುದು ಅವರ ವಾದದ ತಿರುಳು. ಆ ಕಣ್ಣೀರನ್ನು ಅಲ್ಲಗಳೆಯುವ ಅಧಿಕಾರ ನನಗಿಲ್ಲ. ಒಂದೊಂದು ದಿನ ಯುದ್ಧ ಬೆಳೆದರೂ ಚೀನಾದಿಂದ ಬರ್ಮಾದ ತನಕ ಎಷ್ಟೋ ಮನೆಗಳಲ್ಲಿ ಸಾವಿನ ಸಂಖ್ಯೆ ಬೆಳೆಯುತ್ತಿತ್ತು ಎಂಬುದೂ ನಿಜ.

ಆದರೆ ಈ ವಾದ ಒಂದು ಊಹೆಯ ಮೇಲೆ ನಿಂತಿದೆ. ಮುಂದಿದ್ದದ್ದು ಎರಡೇ ದಾರಿ, ಬಾಂಬ್ ಇಲ್ಲವೇ ದಂಡಯಾತ್ರೆ ಎಂಬ ಊಹೆ. ಹತ್ತು ಲಕ್ಷ ಅಮೆರಿಕನ್ನರು ಸಾಯುವುದು ತಪ್ಪಿತು ಎಂಬ ಮಾತು ಜನಪ್ರಿಯವಾದದ್ದು ಬಾಂಬ್ ಬಿದ್ದ ಮೇಲೆ. ಪತ್ರಕರ್ತ ಜಾನ್ ಹರ್ಸಿಯವರ ಹಿರೋಶಿಮಾ ಬರಹ 1946ರ ಆಗಸ್ಟ್‌ನಲ್ಲಿ ಅಮೆರಿಕನ್ನರ ಮನಸ್ಸನ್ನು ಕಲಕಿತು. ಅದರ ಬೆನ್ನಿಗೇ, 1947ರ ಫೆಬ್ರವರಿಯಲ್ಲಿ, ಸ್ಟಿಮ್ಸನ್ ತಮ್ಮ ಹೆಸರಿನಲ್ಲಿ ಸಮರ್ಥನೆಯ ಲೇಖನವೊಂದನ್ನು ಪ್ರಕಟಿಸಿದರು. ಹತ್ತು ಲಕ್ಷದ ಸಂಖ್ಯೆ ಅಲ್ಲಿ ಬರುವುದು ಸತ್ತವರೂ ಗಾಯಾಳುಗಳೂ ಸೇರಿದ ಲೆಕ್ಕವಾಗಿ. 1945ರ ಜೂನ್‌ನಲ್ಲಿ ಸೇನಾ ಯೋಜಕರು ಮುಂದಿಟ್ಟ ಕೆಲವು ಅಂದಾಜುಗಳಲ್ಲಿ ಸಾವಿನ ಸಂಖ್ಯೆ ಕೆಲವು ಹತ್ತು ಸಾವಿರಗಳಷ್ಟೇ ಇತ್ತು. ಬಾಂಬ್ ಬಿದ್ದಾಗ ದಂಡಯಾತ್ರೆಗೆ ಇನ್ನೂ ಸುಮಾರು ಮೂರು ತಿಂಗಳಿತ್ತು. ಜಪಾನಿನ ಹಡಗುಗಳು ಮುಳುಗಿದ್ದವು, ಬಂದರುಗಳು ಮುಚ್ಚಿದ್ದವು. ಮಾಸ್ಕೋ ಮೂಲಕ ಸಂಧಾನಕ್ಕೆ ಅದರ ವಿದೇಶಾಂಗ ಮಂತ್ರಿ ಕಳಿಸುತ್ತಿದ್ದ ತಂತಿಗಳನ್ನು ಅಮೆರಿಕ ಕದ್ದು ಓದುತ್ತಿತ್ತು. ಚಕ್ರವರ್ತಿಯ ಪೀಠ ಉಳಿಯುತ್ತದೆ ಎಂಬ ಭರವಸೆಯನ್ನು, ಜಪಾನ್ ಶರಣಾಗಬೇಕೆಂದು ಹೊರಡಿಸಿದ ಜುಲೈ 26ರ ಪಾಟ್ಸ್‌ಡಾಮ್ ಘೋಷಣೆ ಕೊಡಲಿಲ್ಲ. ಕೊನೆಗೆ ಶರಣಾಗತಿ ಬಂದದ್ದು ಆ ಪೀಠವನ್ನು ಉಳಿಸಿಯೇ. ಆಗಸ್ಟ್ 8ರಂದು ಸೋವಿಯತ್ ಒಕ್ಕೂಟ ಯುದ್ಧ ಘೋಷಿಸಿ ಮಾರನೆಯ ದಿನವೇ ಮಂಚೂರಿಯಾಕ್ಕೆ ನುಗ್ಗಿತು. ಈ ಪೆಟ್ಟೇ ಹೆಚ್ಚು ನಿರ್ಣಾಯಕವಾಯಿತು ಎಂದು ಇತಿಹಾಸಕಾರ ತ್ಸುಯೋಶಿ ಹಸೆಗಾವಾ ವಾದಿಸುತ್ತಾರೆ. ಇಲ್ಲ, ಬಾಂಬ್ ಬೀಳದಿದ್ದರೆ ಜಪಾನಿನ ಸೇನಾನಾಯಕರು ಕೊನೆಯ ಕಾಳಗಕ್ಕೇ ಪಟ್ಟುಹಿಡಿಯುತ್ತಿದ್ದರು ಎಂಬುದು ರಿಚರ್ಡ್ ಫ್ರಾಂಕ್ ಅವರ ವಾದ. ಎರಡಕ್ಕೂ ದಾಖಲೆಗಳ ಬೆಂಬಲವಿದೆ.

ಈ ಐತಿಹಾಸಿಕ ಜಗಳ ಮುಗಿಯುವತನಕ ನೈತಿಕ ತೀರ್ಪು ಕಾಯಬೇಕೆ? ಕಾಯಬೇಕಿಲ್ಲ ಎಂಬುದೇ ಈ ಲೇಖನದ ನಿಲುವು. ಬಾಂಬಿನಿಂದಲೇ ಯುದ್ಧ ನಿಂತಿತೆಂದು ಒಪ್ಪಿಕೊಳ್ಳೋಣ. ಅದರಿಂದ ಉಳಿದ ಪ್ರಾಣಗಳು ಹೋದ ಪ್ರಾಣಗಳಿಗಿಂತ ಹೆಚ್ಚೆಂದೂ ಒಪ್ಪಿಕೊಳ್ಳೋಣ. ಆಗಲೂ ಒಂದು ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅಮೆರಿಕದ ಸೈನಿಕರು ಹಿರೋಶಿಮಾವನ್ನು ವಶಪಡಿಸಿಕೊಂಡಿದ್ದಾರೆ ಎಂದು ಭಾವಿಸಿ. ಮನೆ ಕೆಡವುತ್ತಿದ್ದ ಆ ಮಕ್ಕಳನ್ನು ಮೈದಾನಕ್ಕೆ ಕರೆತಂದು ಸಾಲಾಗಿ ನಿಲ್ಲಿಸಿ, ಟೋಕಿಯೊ ಶರಣಾಗುವತನಕ ದಿನಕ್ಕೆ ಇಷ್ಟು ಮಂದಿಯಂತೆ ಗುಂಡಿಟ್ಟು ಕೊಲ್ಲುತ್ತೇವೆ ಎನ್ನುತ್ತಾರೆ. ಸಾವಿರ ಮಕ್ಕಳು ಸತ್ತ ಮೇಲೆ ಟೋಕಿಯೊ ಶರಣಾಗುತ್ತದೆ, ಯುದ್ಧ ನಿಲ್ಲುತ್ತದೆ, ಲಕ್ಷಾಂತರ ಪ್ರಾಣ ಉಳಿಯುತ್ತದೆ. ಬಾಂಬ್ ಸಮರ್ಥಿಸುವವರು ಈ ಕೆಲಸವನ್ನು ಸಮರ್ಥಿಸುತ್ತಾರೆಯೇ? ಲೆಕ್ಕದಲ್ಲಿ ಇದು ಬಾಂಬಿಗಿಂತ ಅಗ್ಗ. ಆದರೂ ಯಾರೂ ಸಮರ್ಥಿಸಲಾರರು, ಆಜ್ಞೆ ಕೊಟ್ಟವನನ್ನು ಯುದ್ಧಾಪರಾಧಿ ಎಂದೇ ಕರೆಯುತ್ತಾರೆ. ಹಾಗಾದರೆ ಮೂವತ್ತು ಸಾವಿರ ಅಡಿ ಎತ್ತರದಿಂದ ಅದೇ ಮಕ್ಕಳನ್ನು ಅದೇ ಉದ್ದೇಶಕ್ಕೆ ಕೊಂದಾಗ ಬದಲಾದದ್ದೇನು? ಕೊಂದವನಿಗೆ ಅವರ ಮುಖ ಕಾಣಲಿಲ್ಲ, ಅಷ್ಟೇ.

ಯುದ್ಧದಲ್ಲಿ ನಿರಪರಾಧಿಗಳು ಸಾಯುವುದು ಹೊಸದಲ್ಲ ಎನ್ನಬಹುದು. ಮದ್ದುಗುಂಡಿನ ಕಾರ್ಖಾನೆಗೆ ಗುರಿಯಿಟ್ಟಾಗ ಪಕ್ಕದ ಮನೆ ಬಿದ್ದು ಮಗು ಸಾಯುವುದು ದಾರುಣ. ಆದರೂ ಆ ಮಗು ಬದುಕಿದ್ದರೆ ದಾಳಿ ಮಾಡಿದವನ ಉದ್ದೇಶ ಕೆಡುವುದಿಲ್ಲ. ಹಿರೋಶಿಮಾದಲ್ಲಿ ಹಾಗಲ್ಲ. ಊರಿನವರೆಲ್ಲ ಬದುಕಿಕೊಂಡಿದ್ದರೆ ಬಾಂಬ್ ಹಾಕಿದ ಉದ್ದೇಶವೇ ಈಡೇರುತ್ತಿರಲಿಲ್ಲ. ಅವರ ಸಾವೇ ಟೋಕಿಯೊಗೆ ಕಳಿಸಿದ ಸಂದೇಶ. ಇನ್ನೊಬ್ಬರನ್ನು ಹೆದರಿಸಲು ನಿರಪರಾಧಿಯನ್ನು ಸಾಧನವಾಗಿ ಬಳಸಿ ಕೊಲ್ಲುವುದನ್ನು ಎಲ್ಲ ಕಾಲದ ಜನರೂ ಕೊಲೆ ಎಂದೇ ಕರೆದಿದ್ದಾರೆ. 1956ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಟ್ರೂಮನ್‌ರಿಗೆ ಗೌರವ ಪದವಿ ಕೊಡಲು ಹೊರಟಾಗ ತತ್ವಶಾಸ್ತ್ರಜ್ಞೆ ಎಲಿಜಬೆತ್ ಆನ್ಸ್‌ಕಂಬ್ ವಿರೋಧಿಸಿದ್ದು ಇದೇ ನೆಲೆಯಿಂದ. ಬೇಷರತ್ ಶರಣಾಗತಿಯೇ ಬೇಕೆಂಬ ಹಟವೇ ಕೇಡಿನ ಮೂಲ ಎಂದೂ ಅವರು ಹೇಳಿದರು. ತಾವೇ ಹಾಕಿಕೊಂಡ ಆ ಷರತ್ತಿನಿಂದ ಹುಟ್ಟಿದ ಇಕ್ಕಟ್ಟನ್ನು ವಿಧಿಯಂತೆ ಮುಂದೊಡ್ಡಿ, ‘ಬೇರೆ ದಾರಿಯಿರಲಿಲ್ಲ’ ಎನ್ನುವುದು ನ್ಯಾಯವಲ್ಲ.

‘ಮಾರ್ಚ್‌ನಲ್ಲಿ ಟೋಕಿಯೊ ಮೇಲೆ ಸುರಿದ ಬೆಂಕಿಬಾಂಬಿಗೆ ಒಂದೇ ರಾತ್ರಿ ಸುಮಾರು ಒಂದು ಲಕ್ಷ ಜನ ಸತ್ತರಲ್ಲ, ಅದಕ್ಕಿಲ್ಲದ ಆಕ್ಷೇಪ ಅಣುಬಾಂಬಿಗೇಕೆ?’ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದು, ಉತ್ತರವೂ ನೇರ: ಅದೂ ತಪ್ಪೇ. ಊರಿಗೆ ಊರನ್ನೇ ಸುಡಬಹುದು ಎಂಬ ಮನಸ್ಸು ಅಣುಬಾಂಬ್ ತಯಾರಾಗುವ ಮೊದಲೇ ಸಿದ್ಧವಾಗಿತ್ತು. ಜರ್ಮನಿ ವಾರ್ಸಾ, ರಾಟರ್‌ಡ್ಯಾಮ್‌ಗಳಲ್ಲಿ, ಜಪಾನ್ ಚೊಂಗ್‌ಚಿಂಗ್‌ನಲ್ಲಿ, ಬ್ರಿಟನ್ ಹ್ಯಾಂಬರ್ಗ್‌ನಲ್ಲಿ ಆ ಗೆರೆಯನ್ನು ದಾಟಿಯಾಗಿತ್ತು. ಹಿರೋಶಿಮಾ ಆ ದಾರಿಯ ಕೊನೆ. ಒಂದು ತಪ್ಪು ರೂಢಿಯಾಯಿತು ಎಂಬುದು ಮುಂದಿನ ತಪ್ಪಿಗೆ ಪರವಾನಗಿಯಲ್ಲ. ಅಣುಬಾಂಬಿಗೆ ಅದರದೇ ಆದ ಇನ್ನೊಂದು ಕ್ರೌರ್ಯವೂ ಇದೆ. ಬೆಂಕಿ ಆರಿದ ಮೇಲೂ ಅದು ಕೊಲ್ಲುತ್ತದೆ. ಗಾಯವೇ ಇಲ್ಲದವರು ವಾರಗಳ ನಂತರ ಕೂದಲು ಉದುರಿ, ರಕ್ತಸ್ರಾವವಾಗಿ ಸತ್ತರು. ವರ್ಷಗಳ ನಂತರ ರಕ್ತದ ಕ್ಯಾನ್ಸರ್ ಬಂತು. ಗರ್ಭದಲ್ಲಿದ್ದ ಕೆಲವು ಶಿಶುಗಳು ಬೆಳವಣಿಗೆ ಕುಂಠಿತವಾಗಿ ಹುಟ್ಟಿದವು. ಕದನ ಮುಗಿದ ಮೇಲೂ, ಇನ್ನೂ ಹುಟ್ಟದವರ ಮೇಲೂ ಯುದ್ಧ ಮುಂದುವರಿಸುವ ಆಯುಧಕ್ಕೆ ಯಾವ ನ್ಯಾಯ ಹೊಂದಿಸಲು ಸಾಧ್ಯ?

ನಾಗಸಾಕಿಯ ವಿಷಯದಲ್ಲಂತೂ ಸಮರ್ಥನೆಗೆ ನೆಲೆಯೇ ಇಲ್ಲ. ಅದಕ್ಕೆ ಬೇರೆ ತೀರ್ಮಾನವೇ ಆಗಲಿಲ್ಲ. ಜುಲೈ 25ರ ಆದೇಶದಲ್ಲಿ ಮೊದಲ ಬಾಂಬಿನ ನಂತರ ಉಳಿದವು ತಯಾರಾದ ಹಾಗೆಲ್ಲ ಹಾಕಿ ಎಂದು ಬರೆದಿತ್ತು. ಹಿರೋಶಿಮಾದಲ್ಲಿ ಏನಾಯಿತೆಂದು ಟೋಕಿಯೊ ತಿಳಿದು, ಯೋಚಿಸಿ, ಮಾತಾಡಿಕೊಳ್ಳಲು ಎಷ್ಟು ದಿನ ಬೇಕೆಂದು ಯಾರೂ ಲೆಕ್ಕ ಹಾಕಲಿಲ್ಲ. ಆಗಸ್ಟ್ 11ಕ್ಕೆ ನಿಗದಿಯಾಗಿದ್ದ ಎರಡನೆಯ ದಾಳಿಯನ್ನು ಹವಾಮಾನ ಕೆಡುವ ಸೂಚನೆಯಿದೆಯೆಂದು 9ಕ್ಕೆ ಹಿಂದೆ ತಂದರು. ಮೊದಲ ಗುರಿ ಕೊಕುರಾ. ಅಲ್ಲಿ ಕವಿದಿದ್ದ ಮೋಡ, ಹೊಗೆಗಳ ನಡುವೆ ಗುರಿ ಕಾಣದೆ ವಿಮಾನ ನಾಗಸಾಕಿಗೆ ತಿರುಗಿತು. 11.02ಕ್ಕೆ ಬಾಂಬ್ ಗುರಿ ತಪ್ಪಿ ಉರಕಾಮಿ ಕಣಿವೆಯ ಮೇಲೆ ಸಿಡಿಯಿತು. ಅದೇ ಹೊತ್ತಿಗೆ ಟೋಕಿಯೊದಲ್ಲಿ ಯುದ್ಧದ ಉನ್ನತ ಮಂಡಳಿ ಶರಣಾಗತಿಯ ಬಗ್ಗೆಯೇ ಚರ್ಚಿಸುತ್ತಿತ್ತು. ನಾಗಸಾಕಿಯ ಸುದ್ದಿ ಬಂದ ಮೇಲೂ ಅಲ್ಲಿನ ಆರು ಮಂದಿ ಮೂವರು, ಮೂವರಾಗಿಯೇ ಉಳಿದರು. ಆ ರಾತ್ರಿ ಚಕ್ರವರ್ತಿ ಮಧ್ಯೆ ಬಂದ ಮೇಲೆಯೇ ತೀರ್ಮಾನವಾದದ್ದು. ಮಾರನೆಯ ದಿನ ಟ್ರೂಮನ್, ಇನ್ನು ತಮ್ಮ ಅಪ್ಪಣೆಯಿಲ್ಲದೆ ಬಾಂಬ್ ಹಾಕಕೂಡದು ಎಂದು ಆದೇಶಿಸಿದರು. ಇನ್ನೂ ಒಂದು ಲಕ್ಷ ಜನರನ್ನು, ಅಷ್ಟೊಂದು ಮಕ್ಕಳನ್ನು ಅಳಿಸಿಹಾಕುವ ಯೋಚನೆಯೇ ಅವರಿಗೆ ಸಹಿಸಲಾಗಲಿಲ್ಲ ಎಂದು ಅವರ ಸಂಪುಟದ ಹೆನ್ರಿ ವಾಲೇಸ್ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಬಾಂಬ್ ಹಾಕಿಸಿದವರ ಮನಸ್ಸೇ ಆ ಕೆಲಸವನ್ನು ಅದರ ನಿಜರೂಪದಲ್ಲಿ ಗುರುತಿಸಿತ್ತು.

ಕಾನೂನು ಈ ಗುರುತಿನತ್ತ ನಿಧಾನವಾಗಿ ಬಂದಿದೆ. 1963ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಎರಡೂ ದಾಳಿಗಳು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಎಂದಿತು, ಆದರೆ ಸಂತ್ರಸ್ತರಿಗೆ ಪರಿಹಾರ ಕೇಳುವ ಹಕ್ಕಿಲ್ಲ ಎಂದೂ ಹೇಳಿತು. 1996ರ ಜುಲೈ 8ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಅಣ್ವಸ್ತ್ರದ ಬಳಕೆ ಸಾಮಾನ್ಯವಾಗಿ ಯುದ್ಧಕಾನೂನಿಗೆ ವಿರುದ್ಧ ಎಂದು ಅಭಿಪ್ರಾಯಪಟ್ಟಿತು. ದೇಶದ ಉಳಿವೇ ಅಪಾಯದಲ್ಲಿರುವ ಸಂದರ್ಭದಲ್ಲಿ ಏನೆಂದು ಖಚಿತವಾಗಿ ಹೇಳಲಾಗದು ಎಂದು ಒಂದು ಕಿಂಡಿಯನ್ನೂ ಬಿಟ್ಟಿತು. ಆ ಕಿಂಡಿಯನ್ನು ಒಪ್ಪದೆ ಭಿನ್ನ ತೀರ್ಪು ಬರೆದವರಲ್ಲಿ ಶ್ರೀಲಂಕಾದ ನ್ಯಾಯಮೂರ್ತಿ ವೀರಮಂತ್ರಿ ಒಬ್ಬರು. ಅವರು ಅಲ್ಲಿ ರಾಮಾಯಣವನ್ನೂ ಮಹಾಭಾರತವನ್ನೂ ಸಾಕ್ಷಿಗೆ ಕರೆದರು. ಶತ್ರುಕುಲವನ್ನೇ, ಆಯುಧ ಹಿಡಿಯದವರನ್ನೂ ಸೇರಿಸಿ ನಾಶಮಾಡುವ ಅಸ್ತ್ರ ಬಳಸಬಾರದೆಂದು ರಾಮ ಲಕ್ಷ್ಮಣನಿಗೆ ಹೇಳಿದ ಪ್ರಸಂಗವನ್ನು ನೆನಪಿಸಿದರು. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಇಂದ್ರಜಿತು ಕಣ್ಣಿಗೆ ಕಾಣದೆ ನಿಂತು ಬಾಣ ಬಿಡುತ್ತಿರುತ್ತಾನೆ, ರಾಮ ಲಕ್ಷ್ಮಣರಿಬ್ಬರ ಮೈಯಲ್ಲೂ ರಕ್ತ ಹರಿಯುತ್ತಿರುತ್ತದೆ. ಸಹನೆ ಮೀರಿದ ಲಕ್ಷ್ಮಣ ರಾಕ್ಷಸರೆಲ್ಲರ ಮೇಲೂ ಬ್ರಹ್ಮಾಸ್ತ್ರ ಬಿಡುತ್ತೇನೆ ಎನ್ನುತ್ತಾನೆ. ಒಬ್ಬನಿಗಾಗಿ ಎಲ್ಲರನ್ನೂ ಕೊಲ್ಲುವುದು ತಕ್ಕದ್ದಲ್ಲ, ಯುದ್ಧ ಮಾಡದವರನ್ನೂ ಶರಣು ಬಂದವರನ್ನೂ ಕೊಲ್ಲಕೂಡದು ಎಂದು ರಾಮ ತಡೆಯುತ್ತಾನೆ. ನೆತ್ತರು ಸೋರುತ್ತಿರುವಾಗ, ಎದುರಾಳಿ ಅಧರ್ಮದಿಂದ ಹೋರಾಡುತ್ತಿರುವಾಗ, ಕೈಯಲ್ಲಿ ಅಸ್ತ್ರವಿರುವಾಗ ಆಡಿದ ಮಾತಿದು. ಸೋಲುವ ಭಯವಿಲ್ಲದಾಗ ಮಾತ್ರ ನೆನಪಾಗುವ ನೀತಿಯನ್ನು ನೀತಿ ಎನ್ನಲಾಗದು.

ಈ ಪರಂಪರೆಯ ವಾರಸುದಾರರಾದ ನಾವು ಎಲ್ಲಿದ್ದೇವೆ? ಅದೇ ಹೇಗ್ ನ್ಯಾಯಾಲಯಕ್ಕೆ 1995ರಲ್ಲಿ ಭಾರತ ಸರ್ಕಾರ ಲಿಖಿತ ಹೇಳಿಕೆ ಕೊಟ್ಟಿತ್ತು. ಅಣ್ವಸ್ತ್ರವನ್ನು ಪ್ರತೀಕಾರವಾಗಿ ಬಳಸುವುದೂ ಕಾನೂನುಬಾಹಿರ ಎಂದು ಅದರಲ್ಲಿ ವಾದಿಸಿತ್ತು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಎರಡನೆಯ ಬಾರಿ ನಡುಗಿತು. 2003ರ ಜನವರಿಯಲ್ಲಿ ಪ್ರಕಟವಾದ ಅಧಿಕೃತ ನೀತಿ ನಾವಾಗಿ ಮೊದಲು ಬಳಸುವುದಿಲ್ಲ ಎಂದಿತು. ಅದು ದೊಡ್ಡ ಮಾತು, ಎಲ್ಲ ಅಣ್ವಸ್ತ್ರ ರಾಷ್ಟ್ರಗಳೂ ಅಷ್ಟನ್ನು ಹೇಳಿಲ್ಲ. ಆದರೆ ಯಾರಾದರೂ ನಮ್ಮ ಮೇಲೆ ಬಳಸಿದರೆ ಪ್ರತಿದಾಳಿ ಭಾರೀ ಪ್ರಮಾಣದ್ದಾಗಿರುತ್ತದೆ, ಸಹಿಸಲಾಗದ ಹಾನಿ ಮಾಡುತ್ತದೆ ಎಂದೂ ಅದರಲ್ಲಿದೆ. ಆ ಹಾನಿ ಬೀಳುವುದು ಯಾರ ಮೇಲೆ? ಗುಂಡಿ ಒತ್ತಿದ ಸೇನಾಧಿಪತಿ ನೆಲದಡಿಯ ಕೋಣೆಯಲ್ಲಿರುತ್ತಾನೆ. ಸಾಯುವವರು ಊರಿನ ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ, ಮಾರುಕಟ್ಟೆಗಳಲ್ಲಿ ಇರುತ್ತಾರೆ. 1974ರ ಮೊದಲ ಪರೀಕ್ಷೆಯ ಮುಂದಾಳುತನ ವಹಿಸಿದ್ದ ರಾಜಾ ರಾಮಣ್ಣ ತುಮಕೂರಿನ ಕಡೆಯವರೆಂದು ನಾವು ಹೆಮ್ಮೆಪಡುತ್ತೇವೆ. ಆ ಹೆಮ್ಮೆ ನಮ್ಮದಾದರೆ, ಆ ಅಸ್ತ್ರ ಎಬ್ಬಿಸುವ ಪ್ರಶ್ನೆಯೂ ನಮ್ಮದೇ.

‘ಹೆದರಿಕೆಯಿಂದಲೇ ಶಾಂತಿ ಉಳಿದಿದೆ, 1945ರ ನಂತರ ಯಾರೂ ಬಳಸಿಲ್ಲವಲ್ಲ’ ಎಂಬ ಉತ್ತರ ಸಿದ್ಧವಾಗಿದೆ. ಈ ಉತ್ತರದಲ್ಲಿ ಹುರುಳಿದೆ, ತಳ್ಳಿಹಾಕಲಾರೆ. ಆದರೆ ಹೆದರಿಕೆ ಕೆಲಸ ಮಾಡಬೇಕಾದರೆ ಎದುರಾಳಿ ನಂಬಬೇಕು, ಅವನು ನಂಬಬೇಕಾದರೆ ಆ ಕೆಲಸವನ್ನು ನಿಜವಾಗಿಯೂ ಮಾಡಲು ಯಾರೋ ಒಬ್ಬರು ಹಗಲಿರುಳು ತಯಾರಾಗಿ ಕೂತಿರಬೇಕು. ಹೀಗೆ ಕೂತವರ ಯಂತ್ರಗಳೂ ತಪ್ಪುತ್ತವೆ. 1983ರ ಸೆಪ್ಟೆಂಬರ್ 26ರಂದು ಅಮೆರಿಕದ ಕ್ಷಿಪಣಿಗಳು ಬರುತ್ತಿವೆ ಎಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಕೂಗಿತು. ಕರ್ತವ್ಯದಲ್ಲಿದ್ದ ಅಧಿಕಾರಿ ಸ್ತಾನಿಸ್ಲಾವ್ ಪೆಟ್ರೊವ್ ಅದು ಸುಳ್ಳು ಎಚ್ಚರಿಕೆ ಎಂದು ತಮ್ಮ ವಿವೇಚನೆಯಿಂದಲೇ ತೀರ್ಮಾನಿಸಿದರು. ಆ ರಾತ್ರಿ ನಮ್ಮನ್ನು ಕಾಪಾಡಿದ್ದು ಹೆದರಿಕೆಯ ಸಿದ್ಧಾಂತವಲ್ಲ, ಅದರಂತೆ ನಡೆಯಲು ಹಿಂಜರಿದ ಒಬ್ಬ ಮನುಷ್ಯ. ಇಷ್ಟು ವರ್ಷ ಕೆಟ್ಟದ್ದು ಆಗಲಿಲ್ಲ ಎಂಬುದು ನಾಳೆಯೂ ಆಗದು ಎಂಬುದಕ್ಕೆ ಜಾಮೀನಲ್ಲ.

ಒಂದೇ ದಿನದಲ್ಲಿ ಎಲ್ಲ ಅಣ್ವಸ್ತ್ರಗಳನ್ನೂ ಕಳಚಿಹಾಕಿ ಎನ್ನುವುದು ಸುಲಭ, ಮಾಡುವುದು ಕಷ್ಟ. ನೆರೆಯಲ್ಲಿ ಎರಡು ಅಣ್ವಸ್ತ್ರ ದೇಶಗಳಿರುವಾಗ ಈ ಕಷ್ಟವನ್ನು ಯಾರೂ ಹಗುರ ಮಾಡಿ ಹೇಳಬಾರದು. ಆದರೆ ಇಂದೇ ಮಾಡಬಹುದಾದ ಕೆಲಸಗಳಿವೆ. ಮೊದಲು ಬಳಸುವುದಿಲ್ಲ ಎಂಬ ಮಾತಿಗೆ ಭಾರತ ಅಲುಗಾಡದೆ ಅಂಟಿಕೊಳ್ಳಬೇಕು, ಆ ಮಾತನ್ನು ಸಡಿಲಿಸುವ ಚುನಾವಣೆಯ ಅಬ್ಬರಗಳನ್ನು ನಾಗರಿಕರು ಒಪ್ಪಬಾರದು. ‘ಭಾರೀ ಪ್ರಮಾಣದ’ ಪ್ರತಿದಾಳಿಯ ಮಾತು ನಮ್ಮ ನೀತಿಯಿಂದ ಹೋಗಬೇಕು, ಊರುಗಳಿಗೆ ಗುರಿಯಿಡುವುದಿಲ್ಲ ಎಂದು ಬಹಿರಂಗವಾಗಿ ಹೇಳಬೇಕು. 2017ರಲ್ಲಿ ರೂಪುಗೊಂಡು 2021ರ ಜನವರಿಯಿಂದ ಜಾರಿಯಲ್ಲಿರುವ ಅಣ್ವಸ್ತ್ರ ನಿಷೇಧ ಒಪ್ಪಂದದ ಚರ್ಚೆಯಿಂದ ದೂರ ಉಳಿಯುವ ಬದಲು ಅದರೊಳಗೆ ಕೂತು ಮಾತಾಡಬೇಕು. ಅಣುಬಾಂಬಿನಿಂದ ಬದುಕುಳಿದವರ ಸಂಘಟನೆಯಾದ ನಿಹೊನ್ ಹಿದಾಂಕ್ಯೊ 1956ರಿಂದ ಅಣ್ವಸ್ತ್ರಗಳನ್ನೇ ತೊಲಗಿಸಿ ಎಂದು ಒತ್ತಾಯ ಮಾಡುತ್ತ ಬಂದಿದೆ. 2024ರ ನೊಬೆಲ್ ಶಾಂತಿ ಪ್ರಶಸ್ತಿ ಅದಕ್ಕೆ ಸಂದಿತು. ಅವರಲ್ಲಿ ಹೆಚ್ಚಿನವರು ಈಗ ಎಂಬತ್ತು ದಾಟಿದವರು. ಸಾಕ್ಷಿ ಹೇಳಲು ಅವರಿಲ್ಲದ ದಿನ ದೂರವಿಲ್ಲ.

ಹಿರೋಶಿಮಾ ತಪ್ಪು ಎಂದು ಹೇಳಲು ನಮ್ಮಲ್ಲಿ ಬಹಳ ಜನರಿಗೆ ಕಷ್ಟವಾಗುವುದಿಲ್ಲ. ಅದು ಬೇರೆಯವರು ಬೇರೆಯವರಿಗೆ ಮಾಡಿದ್ದು. ಆ ತೀರ್ಪಿಗೆ ನಾವೂ ಬದ್ಧರಾದಾಗ ಮಾತ್ರ ಅದಕ್ಕೆ ತೂಕ ಬರುತ್ತದೆ. ಒಂದು ಊರಿನ ಮಕ್ಕಳನ್ನು ಕೊಂದು ಒಂದು ಸರ್ಕಾರವನ್ನು ಬಗ್ಗಿಸುವುದು ಅಮೆರಿಕಕ್ಕೆ 1945ರಲ್ಲಿ ಸಲ್ಲದಿದ್ದರೆ ಇಂದು ರಷ್ಯಾಕ್ಕೂ ಸಲ್ಲದು, ಪಾಕಿಸ್ತಾನಕ್ಕೂ ಸಲ್ಲದು, ನಮಗೂ ಸಲ್ಲದು. ನಾವು ಗೆಲ್ಲುತ್ತಿರಲಿ, ಸೋಲುತ್ತಿರಲಿ, ನಮ್ಮ ಮೇಲೆ ಮೊದಲು ಬಾಂಬ್ ಬಿದ್ದಿರಲಿ, ಈ ಮಾತು ಬದಲಾಗದು. ಇಷ್ಟನ್ನು ಒಪ್ಪಿಕೊಂಡವರು ಮುಂದಿನ ಬಾರಿ ಟಿವಿಯಲ್ಲಿ ಯಾರಾದರೂ ಶತ್ರುದೇಶದ ಊರುಗಳನ್ನು ಭೂಪಟದಿಂದ ಅಳಿಸಿಬಿಡೋಣ ಎಂದಾಗ ಅದನ್ನು ದೇಶಭಕ್ತಿಯೆಂದು ಕೇಳಿ ಸುಮ್ಮನಿರಬಾರದು. ಆಡಬಾರದ ಮಾತು ಅದು ಎಂದು ಎದುರಿಗೇ ಹೇಳಬೇಕು.